ಮಳೆ ಅಂದ್ರೆ ಎಲ್ಲರಿಗೂ ಕಾಗದದ ದೋಣಿಯೇ ಯಾಕೆ?

ಕವಿತೆ ಬರೆಯಬೇಕು, ಆದರೆ ಏನೂ ಹೊಳೆಯುತ್ತಿಲ್ಲ. ಆಗ ಯಾರಾದರೂ ಒಂದು ಸುಳಿವು ಕೊಟ್ಟರೆ ಸಾಕು ಅನ್ನಿಸುತ್ತದೆ. ಅಂಥ ಸುಳಿವುಗಳಲ್ಲಿ ಕೆಲವನ್ನು ಹಿಡಿದು ನಾನೇ ಬರೆದು ನೋಡಿದ್ದೇನೆ. ಎಲ್ಲವೂ ಒಂದೇ ಥರ ಕೆಲಸ ಮಾಡುವುದಿಲ್ಲ.

ಮೊದಲು 'ಇಂದಿನ ಪದ'. ವಾಟ್ಸಾಪ್ ಗುಂಪುಗಳಲ್ಲಿ ಇದೇ ಜಾಸ್ತಿ. ಬೆಳಗ್ಗೆ 'ಮಳೆ' ಅಂತ ಕೊಟ್ಟರೆ ಸಂಜೆಯೊಳಗೆ ಮಣ್ಣಿನ ವಾಸನೆ, ಕಾಗದದ ದೋಣಿ, ಹಳೆಯ ನೆನಪು ಬಂದು ರಾಶಿ ಬೀಳುತ್ತವೆ. ನನ್ನದೂ ಹಾಗೇ. ಪದ ಚಂದವಾಗಿದ್ದಷ್ಟೂ ಅದರ ಹಿಂದೆ ಸವೆದ ಮಾತುಗಳ ಸಾಲು ಉದ್ದ. ಚಿತ್ರಕ್ಕೊಂದು ಕವನವೂ ನನಗೆ ಅಷ್ಟಕ್ಕಷ್ಟೇ. ಅಜ್ಜಿಯ ಸುಕ್ಕುಗಟ್ಟಿದ ಕೈ ಕಾಣಿಸಿದರೆ ಸುಕ್ಕುಗಟ್ಟಿದ ಕೈ ಅಂತಲೇ ಬರೆಯುತ್ತೇವೆ, ಅಲ್ವಾ?

ಇನ್ನು ಅವಧಾನದಿಂದ, ಅಂದರೆ ಹಲವರು ಒಡ್ಡುವ ಸವಾಲುಗಳಿಗೆ ಒಬ್ಬರೇ ವೇದಿಕೆಯ ಮೇಲೆ ಆಶುವಾಗಿ ಪದ್ಯ ಕಟ್ಟುವ ಕಲೆಯಿಂದ, ಎರವಲು ತಂದ ಎರಡು ದಾರಿ. ಒಂದು ಸಮಸ್ಯಾಪೂರಣ. ಅಸಂಬದ್ಧ ಅನ್ನಿಸುವ ಕೊನೆಯ ಸಾಲನ್ನು ಪೃಚ್ಛಕರು, ಅಂದರೆ ಸವಾಲು ಹಾಕುವವರು, ಕೊಡುತ್ತಾರೆ. ಅದಕ್ಕೆ ಅರ್ಥ ಬರುವಂತೆ ಮೇಲಿನ ಸಾಲುಗಳನ್ನು ಅವಧಾನಿ, ಅಂದರೆ ಪದ್ಯ ಕಟ್ಟುವವರು, ಕಟ್ಟಬೇಕು. ಮನೆಯಲ್ಲಿ ನನಗೆ ಸಿಕ್ಕಿದ್ದು 'ಬೆಂಕಿಯಲಿ ಮೀನೊಂದು ಈಜುತಿತ್ತು'. ಸೂರ್ಯ ಮುಳುಗುವ ಹೊತ್ತಿನ ಕೆಂಪು ಕೆರೆ ಹೊಳೆದ ಕೂಡಲೇ ಗಂಟು ಬಿಚ್ಚಿತು. ಖುಷಿಯೂ ಆಯಿತು. ಆದರೆ ಮತ್ತೆ ಓದಿದಾಗ ಅದು ಒಗಟಿನ ಉತ್ತರ ಅನ್ನಿಸಿತೇ ಹೊರತು ಕವಿತೆ ಅನ್ನಿಸಲಿಲ್ಲ.

ಇನ್ನೊಂದು ದತ್ತಪದಿ. ನಾಲ್ಕು ಪದ ಕೊಡುತ್ತಾರೆ, ಸಾಲಿಗೊಂದರಂತೆ ಬರಬೇಕು. ಅವಧಾನದಲ್ಲಿ ವಸ್ತು, ಛಂದಸ್ಸು ಎರಡನ್ನೂ ಪೃಚ್ಛಕರೇ ಹೇಳುತ್ತಾರೆ. ವಸ್ತುವಿಗೂ ಪದಗಳಿಗೂ ಸಾಮಾನ್ಯವಾಗಿ ಸಂಬಂಧವೇ ಇರುವುದಿಲ್ಲ. ನಾನು ಛಂದಸ್ಸು ಬಿಟ್ಟು ನಾಲ್ಕು ಪದ ಮಾತ್ರ ಇಟ್ಟುಕೊಂಡೆ: ಕುಕ್ಕರ್, ಚಪ್ಪಲಿ, ಪಾವು, ಸಾಲ.

ಕುಕ್ಕರ್ ಮುಚ್ಚುವ ಮೊದಲೇ ನಂಟರು ಬಂದರು.
ಬಾಗಿಲಲ್ಲಿ ಚಪ್ಪಲಿ ಎಣಿಸಿ
ಅಮ್ಮ ಇನ್ನೊಂದು ಪಾವು ಅಕ್ಕಿ ಹಾಕಿದಳು.
ಸಾಲದ ಚೀಟಿ ಡಬ್ಬಿಯ ತಳದಲ್ಲೇ ಇತ್ತು.

ದೊಡ್ಡ ಕವಿತೆ ಅಂತ ಹೇಳುತ್ತಿಲ್ಲ. ಆದರೆ ಸುಮ್ನೆ 'ಅಮ್ಮ' ಅಂತ ಕೊಟ್ಟಿದ್ದರೆ ತ್ಯಾಗ, ಮಡಿಲು, ಕಣ್ಣೀರು ಬರುತ್ತಿದ್ದವು. ಚಪ್ಪಲಿ ಎಣಿಸಿ ಅಕ್ಕಿ ಅಳೆಯುವ ಅಮ್ಮ ಖಂಡಿತ ಬರುತ್ತಿರಲಿಲ್ಲ. ಒಂದಕ್ಕೊಂದು ಸೇರದ ಪದಗಳನ್ನು ಸೇರಿಸಲು ಒಂದು ಘಟನೆ ಬೇಕೇ ಬೇಕಾಗುತ್ತದೆ. ಘಟನೆ ಸಿಕ್ಕರೆ ಸವೆದ ಮಾತಿಗೆ ಜಾಗವೇ ಇರುವುದಿಲ್ಲ.

ದತ್ತಪದಿಗೆ ಸರಿಸಾಟಿ ನಿಂತದ್ದು, ನಾನು ನಿರೀಕ್ಷಿಸದೇ ಇದ್ದ ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಅಕ್ಷರ ಲಘುವಾದರೆ, ಅಂದರೆ ಗಿಡ್ಡ ಉಚ್ಚಾರದ್ದಾದರೆ, ಎಲ್ಲ ಸಾಲಿನಲ್ಲೂ ಲಘುವೇ. ಹಾಗಾಗಿ 'ಮಳೆ' ಜೊತೆ ಎಳೆ, ಹೊಳೆ, ಕಳೆ, ಬಳೆ ನಡೆಯುತ್ತವೆ. ಬಾಳೆ, ಹಾಳೆ ನಡೆಯುವುದಿಲ್ಲ. ಅಕ್ಷರ ಉಚ್ಚರಿಸುವ ಹೊತ್ತಿನ ಅಳತೆಗೆ ಮಾತ್ರೆ ಅನ್ನುತ್ತಾರೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆಯ ನಡೆಯಲ್ಲಿ ಕೂತಾಗ ಹೀಗೆ ಬಂತು:

ಮಳೆಯ ಹನಿಗಳು ಬಿದ್ದ ಹೊಲದಲಿ
ಕಳೆಯ ಕೀಳುವ ಕೈಯ ನೋಡಿರಿ

ದೋಣಿ ಹೋಗಿ ಕಳೆ ಬಂತು ನೋಡಿ! ಮೂರನೇ ಸಾಲಿಗೆ ಬಳೆ ತಾನಾಗಿಯೇ ಬಂದು ನಿಂತಿತು. ಹಿಂದಿನವರು ಇದನ್ನು ಕಿವಿಯ ಇಂಪಿಗೆ ಮಾತ್ರ ಇಟ್ಟುಕೊಂಡಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ತೊಂದರೆ ಏನೆಂದರೆ ಮಾತ್ರೆ ಎಣಿಸುವ ಅಭ್ಯಾಸ ಬೇಕು, ಭಾಷೆಯೂ ತುಸು ಹಳತಾಗುತ್ತದೆ. 'ನೋಡಿರಿ' ಅಂತ ನಾನು ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ.

ಹೊಸದಾಗಿ ಬರೆಯುವವರು ಕೇಳಿದರೆ ದತ್ತಪದಿಯನ್ನೇ ಹೇಳುತ್ತೇನೆ. ಆದರೆ ಪದಗಳನ್ನು ಕವಿತೆ ಬರೆಯುವವರ ಹತ್ತಿರ ಕೇಳಬೇಡಿ. ಮೌನ, ನೆರಳು, ಬೆಳದಿಂಗಳು ಅಂತ ಕೊಟ್ಟುಬಿಡುತ್ತಾರೆ. ಮಕ್ಕಳನ್ನು ಕೇಳಿ. ಪಕ್ಕದ ಮನೆಯ ಹುಡುಗ ಮೊನ್ನೆ ಕೊಟ್ಟದ್ದು ಇಡ್ಲಿ, ಲಿಫ್ಟ್, ಡೈನೋಸಾರ್, ಹೋಂವರ್ಕ್. ನಾನಿನ್ನೂ ಮೂರನೇ ಸಾಲಿನಲ್ಲೇ ಇದ್ದೇನೆ.