ಕಾರಿನ ಎಸಿ ಕಂಪ್ರೆಸರ್ ಮನೆಯಲ್ಲೇ ಬಿಚ್ಚೋ ಮೊದಲು ಇದನ್ನು ಓದಿ

ಬಿಸಿಲು ಏರ್ತಾ ಇದೆ. ನಾನು ಮಾಡಿದ ಕೆಲಸಕ್ಕೆ ಈ ವರ್ಷ ಇನ್ಯಾರೋ ಕೈ ಹಾಕ್ತಾರೆ ಅನ್ನೋ ಭಯಕ್ಕೆ ಬರೀತಿದ್ದೇನೆ.

ಕಳೆದ ಏಪ್ರಿಲ್, ರಾಯಚೂರು. ಎಸಿ ಹಾಕಿದರೆ ಬಾನೆಟ್ ಒಳಗಿಂದ ಕರಕರ ಸದ್ದು, ಎರಡೇ ದಿನಕ್ಕೆ ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತಿ ಓಡಿಸೋ ಪಂಪು) ಜಾಮ್. ಗ್ಯಾರೇಜಿನವರು ಹೇಳಿದ ರೇಟು ಕೇಳಿ, ಒಂದು ಬೆಲ್ಟು, ನಾಲ್ಕು ಬೋಲ್ಟು, ಎರಡು ಪೈಪು, ಒಂದು ವೈರು, ಇಷ್ಟಕ್ಕೇ ಇಷ್ಟೊಂದಾ ಅನ್ನಿಸಿತು. ಬಿಚ್ಚಿ ಹಾಕೋದು ನಿಜಕ್ಕೂ ಅಷ್ಟೇ. ಆ ಧೈರ್ಯವೇ ನನ್ನನ್ನು ಕೆಡಿಸಿತು.

ಮೊದಲನೇ ಏಟು ಗ್ಯಾಸಿನದು. ಟೈರಿಗೆ ನಾವು 32 ಪಿಎಸ್‌ಐ ಗಾಳಿ ಹಾಕ್ತೀವಿ. 40 ಡಿಗ್ರಿ ಬಿಸಿಲಲ್ಲಿ ನಿಂತ ಕಾರಿನ ಎಸಿ ಪೈಪಲ್ಲಿ ಇಂಜಿನ್ ಆಫ್ ಇದ್ದರೂ ಹತ್ತಿರ ಹತ್ತಿರ 130 ಇರುತ್ತೆ. ಅದರೊಳಗಿನ ತಂಪು ಮಾಡೋ ಆರ್-134ಎ ಗ್ಯಾಸ್ ಕುದಿಯೋದು ಮೈನಸ್ 26 ಡಿಗ್ರಿಗೆ, ಅಂದ್ರೆ ಹೊರಗೆ ಚಿಮ್ಮಿದರೆ ಮಂಜಿಗಿಂತ ತಣ್ಣಗೆ. ಪೈಪಿನ ಬೋಲ್ಟು ಸಡಿಲವಾದ ಕ್ಷಣ ಬುಸ್ಸೆಂದು ಬಂದದ್ದು ಸೀದಾ ತೋರುಬೆರಳಿಗೆ. ಚರ್ಮ ಮೇಣದ ಹಾಗೆ ಬಿಳಿಚಿಕೊಂಡಿತು, ಸಂಜೆಗೆ ಬೊಬ್ಬೆ. ಕಣ್ಣಿಗೆ ಬಿದ್ದಿದ್ದರೆ? ಮುಚ್ಚಿದ ಶೆಡ್ಡಲ್ಲಿ ಆಗಿದ್ದರೆ ಉಸಿರಾಟಕ್ಕೇ ಕಷ್ಟ, ಯಾಕಂದರೆ ಅದು ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಹಳೇ ಕಂಪ್ರೆಸರನ್ನು ಬೋರಲು ಹಾಕಿ ಎಣ್ಣೆ ಸುರಿದೆ. ತಿಳಿಯಾಗಿರಬೇಕಾದ ಎಣ್ಣೆ ಕಾಡಿಗೆ ಬಣ್ಣದ್ದು. ಬೆರಳಲ್ಲಿ ತೀಡಿದರೆ ಬಿಸಿಲಿಗೆ ಮಿಣಮಿಣ ಹೊಳೀತು. ಲೋಹದ ಪುಡಿ. ಕಂಪ್ರೆಸರ್ ತನ್ನನ್ನು ತಾನೇ ಅರೆದುಕೊಂಡು ಸತ್ತಿತ್ತು, ಆ ಪುಡಿ ಪೈಪು, ಕಂಡೆನ್ಸರ್ (ಗ್ಯಾಸಿನ ಬಿಸಿ ಆರಿಸೋ ಜಾಲರಿ), ಎಕ್ಸ್‌ಪ್ಯಾನ್ಷನ್ ವಾಲ್ವ್ (ಗ್ಯಾಸನ್ನು ಸಣ್ಣ ತೂತಿಂದ ಬಿಡೋ ಭಾಗ) ಎಲ್ಲದರಲ್ಲೂ ಕೂತಿತ್ತು. ಕಣ್ಣಾರೆ ನೋಡಿಯೂ ಬಟ್ಟೆಗೆ ಒರೆಸಿ ಮುಂದೆ ಹೋದೆ. ಪೈಪಿನ ಬಾಯಿ ರಾತ್ರಿಯೆಲ್ಲ ತೆರೆದೇ ಬಿಟ್ಟಿದ್ದೆ. ಎಸಿ ಎಣ್ಣೆ ಉಪ್ಪಿನ ಹಾಗೆ, ಗಾಳಿಯ ತೇವ ಹೀರಿಕೊಳ್ಳುತ್ತೆ. ಆ ತೇವ ಹಿಡಿಯೋ ಡ್ರೈಯರ್ ಬದಲಿಸಲಿಲ್ಲ. ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯೋ ವ್ಯಾಕ್ಯೂಮ್ ಪಂಪ್ ಇರಲಿಲ್ಲ, ಡಬ್ಬಿ ಗ್ಯಾಸನ್ನು ಅಂದಾಜಲ್ಲಿ ತುಂಬಿದೆ. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗೆ ಸ್ಟಿಕ್ಕರ್ ಇತ್ತು, ತೂಕದ ಯಂತ್ರ ಇರಲಿಲ್ಲ.

ಹತ್ತು ದಿನ ಚೆನ್ನಾಗೇ ತಣ್ಣಗಿತ್ತು. ಹನ್ನೊಂದನೇ ದಿನ ಲಿಂಗಸುಗೂರು ದಾರಿಯಲ್ಲಿ, ಅಮ್ಮ ಹಿಂದಿನ ಸೀಟಲ್ಲಿದ್ದಾಗ, ರಬ್ಬರ್ ಸುಟ್ಟ ವಾಸನೆ. ಹೊಸ ಕಂಪ್ರೆಸರೂ ಕಚ್ಚಿಕೊಂಡು ಬೆಲ್ಟ್ ಹರೀತು. ನನ್ನ ಕಾರಲ್ಲಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್, ಇಂಜಿನ್ ತಣ್ಣಗಿಡೋ ವಾಟರ್ ಪಂಪ್ ತಿರುಗೋದೂ ಅದೇ ಬೆಲ್ಟಿಂದ. ಇಂಜಿನ್ ಬಿಸಿಯಾಗೋ ಮೊದಲು ಗಾಡಿ ಬದಿಗೆ ಹಾಕಿ, ಅಮ್ಮನನ್ನು ಒಂದು ಬೇವಿನ ಮರದ ನೆರಳಲ್ಲಿ ಕೂರಿಸಿ ಎರಡು ಗಂಟೆ ಕಾದೆವು. ಮಧ್ಯಾಹ್ನ ಒಂದೂವರೆ. ಅವತ್ತಿನ ಅವಳ ಮುಖ ಮರೆಯೋಕಾಗಲ್ಲ.

ಕೊನೆಗೆ ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲಾ ಹೊಸದು. ಗ್ಯಾರೇಜಿನವರು ಮೊದಲು ಹೇಳಿದ್ದರ ಎರಡು ಪಟ್ಟಿನಷ್ಟು ಖರ್ಚು. ಈಗಿನ ಕಂಡೆನ್ಸರಿನ ಕೊಳವೆಗಳು ಎಷ್ಟು ಸಣ್ಣ ಅಂದ್ರೆ ತೊಳೆದರೂ ಪುಡಿ ಪೂರ್ತಿ ಹೋಗಲ್ಲ, ಬದಲಿಸಲೇಬೇಕು.

ಗ್ಯಾರೇಜಿಗೆ ಕೊಟ್ಟರೂ ಕೇಳಿ: ಗ್ಯಾಸನ್ನು ಮೆಷಿನ್‌ಗೆ ಎಳೆದುಕೊಳ್ತೀರಾ? ಡ್ರೈಯರ್ ಹೊಸದಾ? ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಾಕಿ, ಸೋರಿಕೆ ಇಲ್ಲ ಅನ್ನೋದಕ್ಕೆ ಗೇಜಿನ ಮುಳ್ಳು ಅಲ್ಲೇ ನಿಲ್ಲುತ್ತಾ ನೋಡ್ತೀರಾ? ಈಗಾಗಲೇ ಬಿಚ್ಚಿದ್ದು ಎಣ್ಣೆ ಹೊಳೀತಿದ್ದರೆ ಹೊಸ ಕಂಪ್ರೆಸರ್ ಕೂರಿಸಬೇಡಿ. ಪೈಪಿನ ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಬಿಗಿದು, ಆ ಎಣ್ಣೆಯನ್ನು ಒಂದು ಬಾಟ್ಲಿಯಲ್ಲಿ ಹಿಡಿದು ಗ್ಯಾರೇಜಿನವರಿಗೆ ತೋರಿಸಿ.