ಪಾಲಿಹೌಸ್‌ಗೆ ಯಾವ ಹೀಟ್ ಮ್ಯಾಪ್: ನೆಲನಕ್ಷೆಯೋ, ಗಂಟೆ-ದಿನದ ಚೌಕವೋ?

ಉಡುಪಿ ಕಡೆಯ ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹೊದಿಕೆಯ ಬೆಳೆಮನೆ) ಸೆನ್ಸರಿನ ಅಂಕಿಗಳನ್ನು ಬಣ್ಣದಲ್ಲಿ, ಅಂದರೆ ಹೀಟ್ ಮ್ಯಾಪ್ ಆಗಿ, ನೋಡಲು ಎರಡು ದಾರಿ.

ನೆಲನಕ್ಷೆ ಯಾವ ಮೂಲೆ ಬಿಸಿ, ಎಲ್ಲಿ ಗಾಳಿ ಆಡುತ್ತಿಲ್ಲ ಎಂದು ತೋರಿಸುತ್ತದೆ. ಆದರೆ ಸೆನ್ಸರ್ ಇಲ್ಲದ ಜಾಗದ ಬಣ್ಣವೆಲ್ಲ ಅಂದಾಜಿನ ಲೆಕ್ಕ. ಮೂರ್ನಾಲ್ಕೇ ಸೆನ್ಸರ್ ಇದ್ದರೆ ಇದನ್ನು ನಂಬಬೇಡಿ.

ಇನ್ನೊಂದು, ಅಡ್ಡಕ್ಕೆ ದಿನ, ಉದ್ದಕ್ಕೆ 24 ಗಂಟೆ ಇರುವ ಚೌಕ. ಒಂದೇ ಸೆನ್ಸರ್ ಸಾಕು. 30 ದಿನಕ್ಕೆ ಗಂಟೆಗೊಂದರಂತೆ 720 ಮನೆ. ನಮ್ಮ ಮಳೆಗಾಲಕ್ಕೆ ಇದೇ ಸರಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೇವಾಂಶ ಶೇ. 90 ದಾಟಿ ಎಷ್ಟು ಗಂಟೆ ನಿಂತಿತು ಎಂಬುದೇ ಶಿಲೀಂಧ್ರ ರೋಗಕ್ಕೆ ಮುಖ್ಯ. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಹೆಚ್ಚು ತೇವ ತೋರಿಸುವ ಕಡುನೀಲಿ ಪಟ್ಟಿ ದಿನವೂ ಮುಂದುವರಿದರೆ ಪಕ್ಕದ ಪರದೆಯನ್ನು ಬೇಗ ಮೇಲೆತ್ತಿ, ಸಂಜೆ ನೀರು ಬಿಡುವುದನ್ನು ನಿಲ್ಲಿಸಿ. ಬಿಸಿಲು ಬಿದ್ದ ಮಧ್ಯಾಹ್ನವೂ ಬಣ್ಣ ಬದಲಾಗದೆ 99.9ರಲ್ಲೇ ನಿಂತಿದ್ದರೆ ಮೊದಲು ಸೆನ್ಸರನ್ನು ಅನುಮಾನಿಸಿ: ತಾಪ, ತೇವಾಂಶ ಅಳೆಯುವ ಡಿಎಚ್‌ಟಿ22 ಒದ್ದೆಯಾದರೆ ಹೀಗೆ ಅಂಟಿಕೊಳ್ಳುತ್ತದೆ.

ಎರಡರಲ್ಲೂ ಬಣ್ಣದ ಅಳತೆ ಸ್ಥಿರವಾಗಿರಲಿ, ತಾಪಕ್ಕೆ 20ರಿಂದ 45 ಡಿಗ್ರಿ. ಆಟೋ ಸ್ಕೇಲ್ (ಅಂಕಿಗೆ ತಕ್ಕಂತೆ ತಾನೇ ಬದಲಾಗುವ ಅಳತೆ) ಇಟ್ಟರೆ 1 ಡಿಗ್ರಿ ವ್ಯತ್ಯಾಸವೂ ಕೆಂಪಾಗಿ ಹೆದರಿಸುತ್ತದೆ. ಕರೆಂಟು ಹೋದ ಗಂಟೆಗಳಿಗೆ ಬೂದು ಬಣ್ಣ ಕೊಡಿ, ಸೊನ್ನೆ ತುಂಬಬೇಡಿ.