ಪುಣೆಯ ಡೆಕ್ಕನ್ ಕಡೆಯ ಮಕ್ಕಳ ಹೊಟ್ಟೆ ಕ್ಲಿನಿಕ್: ಡಾಕ್ಟರಿಗೆ ಐದು ಸ್ಟಾರ್, ರಿಸೆಪ್ಷನ್‌ಗೆ ಒಂದೇ

ಮೊದಲೇ ಹೇಳಿಬಿಡುತ್ತೇನೆ, ಇದು ಕಕ್ಕದ ವಿಷಯ. ಊಟ ಮಾಡುತ್ತಾ ಓದುತ್ತಿರುವವರು ಕೈ ತೊಳೆದುಕೊಂಡು ಆಮೇಲೆ ಬನ್ನಿ.

ನಮ್ಮ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಹೋದ ಮಳೆಗಾಲದಿಂದ ಅವನ ಚಡ್ಡಿಯಲ್ಲಿ ದಿನಾ ಕಲೆ. ತೆಳ್ಳಗೆ, ಕೆಟ್ಟ ವಾಸನೆ, ದಿನಕ್ಕೆ ಮೂರು ನಾಲ್ಕು ಸಲ. ಕೇಳಿದರೆ "ನಂಗ ಗೊತ್ತೇ ಆಗಲಿಲ್ಲ ಅಮ್ಮಾ" ಅನ್ನುತ್ತಿದ್ದ. ನಾನು ನಂಬಲಿಲ್ಲ. ಆಟ ಬಿಟ್ಟು ಏಳೋಕೆ ಸೋಮಾರಿತನ ಅಂದುಕೊಂಡು ಎರಡು ಸಲ ಏಟೂ ಕೊಟ್ಟೆ. ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರೆ ಲೂಸ್ ಮೋಷನ್ ಅಂದರು, ಭೇದಿ ನಿಲ್ಲೋಕೆ ಔಷಧಿ ಬರೆದರು. ಹೊಟ್ಟೆ ಮುಟ್ಟಿಯೂ ನೋಡಲಿಲ್ಲ. ಅದನ್ನು ಕುಡಿಸಿದ ಮೇಲೆ ಹೊಟ್ಟೆ ಇನ್ನೂ ಉಬ್ಬಿತು, ಊಟ ಬಿಟ್ಟ, ಕಲೆ ಮಾತ್ರ ನಿಲ್ಲಲಿಲ್ಲ.

ಆಮೇಲೆ ನಮ್ಮ ಬಿಲ್ಡಿಂಗ್‌ನ ಒಬ್ಬರು ಈ ಮೋಟಿಲಿಟಿ ಕ್ಲಿನಿಕ್ ವಿಷಯ ಹೇಳಿದರು. ಮೋಟಿಲಿಟಿ ಅಂದರೆ ದೊಡ್ಡ ವಿದ್ಯೆ ಏನಲ್ಲ, ಬಾಯಿಂದ ಹಿಡಿದು ಕೊನೆತನಕ ಅನ್ನನಾಳ, ಹೊಟ್ಟೆ, ಕರುಳು ಹಿಂಡಿ ಹಿಂಡಿ ತಿಂದದ್ದನ್ನು ಮುಂದಕ್ಕೆ ದೂಡುವ ಕೆಲಸ, ಅದು ಎಲ್ಲಿ ಕೈಕೊಟ್ಟಿದೆ ಅಂತ ನೋಡುವವರು ಇವರು. ಹೆಸರು ಇಲ್ಲಿ ಹಾಕಲ್ಲ, ಬೈಯೋದೂ ಇದೆ ಅದಕ್ಕೆ. ಬೇಕಿದ್ದವರು ಮೆಸೇಜ್ ಮಾಡಿ.

ಬೈಗುಳದಿಂದಲೇ ಶುರು ಮಾಡೋಣ. ನಾವಿರುವುದು ಪಿಂಪ್ರಿ ಕಡೆ. ಮೆಟ್ರೋ ಹಿಡಿದು ಸಿವಿಲ್ ಕೋರ್ಟ್‌ನಲ್ಲಿ ಬದಲಿಸಿ ಡೆಕ್ಕನ್ ಜಿಮ್‌ಖಾನಾದಲ್ಲಿ ಇಳಿದು ಐದು ಗಂಟೆಯ ಅಪಾಯಿಂಟ್‌ಮೆಂಟ್‌ಗೆ ನಾಲ್ಕೂಮುಕ್ಕಾಲಿಗೇ ಹೋಗಿ ಕೂತರೆ, ಒಳಗೆ ಕರೆದದ್ದು ಆರೂನಲವತ್ತಕ್ಕೆ. ಅದನ್ನಾದರೂ ಸಹಿಸಬಹುದು. ರಿಸೆಪ್ಷನ್‌ನಲ್ಲಿದ್ದಾಕೆ ತುಂಬಿದ ಹಾಲ್‌ನಲ್ಲಿ ಮರಾಠಿಯಲ್ಲಿ ಜೋರಾಗಿ "ಚಡ್ಡಿಯಲ್ಲಿ ಆಗೋ ಪೇಷಂಟ್ ಯಾರು?" ಅಂತ ಕೂಗಿದಳು. ನನ್ನ ಮಗ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಅವನಿಗೂ ಮರಾಠಿ ಬರುತ್ತೆ ಕಣಮ್ಮಾ. ಹೆಸರು ಹಿಡಿದು ಕರೆಯೋಕೆ ಏನು ಕಷ್ಟ?

ಆದರೆ ಒಳಗೆ ಹೋದ ಮೇಲೆ ಬೇರೆಯೇ ಲೋಕ. ಸುಮಾರು ನಲವತ್ತು ನಿಮಿಷ ಡಾಕ್ಟರು ಬರೀ ಪ್ರಶ್ನೆ ಕೇಳಿದರು. ಯಾವ ಮಷೀನೂ ಇಲ್ಲ, ಸ್ಕ್ಯಾನೂ ಇಲ್ಲ. ದಿನಾ ಎಷ್ಟು ಹಾಲು? (ಮೂರು ಲೋಟ, ಜೊತೆಗೆ ಖಾರಿ ಬಿಸ್ಕತ್ತು. ಪುಣೆಗೆ ಬಂದ ಮೇಲೆ ಕಲಿತ ಚಟ.) ಎರಡಕ್ಕೆ ಹೋದಾಗ ಕಕ್ಕ ಎಷ್ಟು ದಪ್ಪ ಬರುತ್ತೆ? ಸೋಫಾ ಹಿಂದೆ, ಪರದೆ ಹಿಂದೆ ಹೋಗಿ ನಿಲ್ಲುತ್ತಾನಾ? ತುದಿಗಾಲಲ್ಲಿ ನಿಂತು ಕಾಲು ಕತ್ತರಿ ಹಾಕಿ ಮುಖ ಕೆಂಪು ಮಾಡುತ್ತಾನಾ?

ಮಾಡುತ್ತಾನೆ! ಟಿವಿ ಸ್ಟ್ಯಾಂಡ್ ಹಿಡಿದುಕೊಂಡು ದಿನಾ ಸಂಜೆ ಹಾಗೆ ನಿಲ್ಲುತ್ತಿದ್ದ. ಪಾಪ ತಿಣುಕುತ್ತಿದ್ದಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಡಾಕ್ಟರು ಹೇಳಿದ್ದು ಉಲ್ಟಾ. ಅವನು ಹೊರಗೆ ತಳ್ಳುತ್ತಿಲ್ಲ, ಬರುತ್ತಿರುವುದನ್ನು ಒಳಗೇ ತಡೆಯುತ್ತಿದ್ದಾನೆ.

ಆಮೇಲೆ ಮಲಗಿಸಿ ಹೊಟ್ಟೆ ಒತ್ತಿದರು, ನನ್ನ ಕೈಯನ್ನೂ ಹಿಡಿದು ಎಡಗಡೆ ಕೆಳಗೆ ಇಟ್ಟರು. ಫ್ರಿಜ್‌ನಲ್ಲಿ ಎರಡು ದಿನ ಮರೆತುಬಿಟ್ಟ ಚಪಾತಿ ಹಿಟ್ಟಿನ ಉಂಡೆ ಹೇಗಿರುತ್ತೆ, ಹಾಗೆ ಒಂದು ಗಟ್ಟಿ ಮುದ್ದೆ. ವಾರಗಟ್ಟಲೆ ಕಟ್ಟಿಕೊಂಡ ಮಲ ಅದು. ಅದರ ಪಕ್ಕದಿಂದ ಮೇಲಿನ ನೀರು ಮಲ ಸೋರುತ್ತಿತ್ತು. ನಾವು ಭೇದಿ ಅಂದುಕೊಂಡದ್ದು ಮಲಬದ್ಧತೆ. ಕರುಳಿನ ಕೊನೆ ಭಾಗ ಹಿಗ್ಗಿ ಹಿಗ್ಗಿ ಅದಕ್ಕೆ ಸ್ಪರ್ಶವೇ ಕಡಿಮೆಯಾಗಿರುತ್ತದಂತೆ, ಹಾಗಾಗಿ 'ಗೊತ್ತೇ ಆಗಲಿಲ್ಲ' ಅಂದದ್ದು ಪೂರ್ತಿ ನಿಜ. ಅಲ್ಲಿ ನನಗೆ ಕಣ್ಣು ತುಂಬಿ ಬಂತು. ನನ್ನ ಏಟುಗಳ ವಿಷಯ ಡಾಕ್ಟರಿಗೆ ಹೇಳಲಿಲ್ಲ.

ನಾನು ಗೂಗಲ್ ಮಾಡಿಕೊಂಡೇ ಹೋಗಿದ್ದೆ, ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದಾ ಅಂತ ಕೇಳಿಬಿಟ್ಟೆ. ಡೆನ್ಮಾರ್ಕಿನ ಮಕ್ಕಳ ಡಾಕ್ಟರ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ವಿವರಿಸಿದ ಕಾಯಿಲೆ ಅದು. ಕರುಳಿನ ಕೊನೆಯ ಭಾಗದಲ್ಲಿ ನರದ ಕೋಶಗಳೇ ಇರುವುದಿಲ್ಲ, ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಆಪರೇಷನ್ ಬೇಕು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಹುಟ್ಟಿದ ಮೇಲೆ ಮೊದಲ ಕಪ್ಪು ಕಕ್ಕ ಯಾವಾಗ ಮಾಡಿದ?" ಅಂತ ಕೇಳಿದರು. 48 ಗಂಟೆ ದಾಟಿದ್ದರೆ ಅನುಮಾನ ಪಡಬೇಕಂತೆ. ನನಗೆಲ್ಲಿ ನೆನಪು? ಅಲ್ಲಿಂದಲೇ ವಿಜಯಪುರಕ್ಕೆ ಅತ್ತೆಗೆ ಫೋನ್ ಮಾಡಿದೆ. ಅತ್ತೆ ಒಂದು ಸೆಕೆಂಡೂ ಯೋಚಿಸಲಿಲ್ಲ. "ಹುಟ್ಟಿದ ದಿನಾನೇ ಸಂಜೀಕ ಮಾಡಿದ್ನಲ್ಲ, ನನ್ನ ಇಳಕಲ್ ಸೀರಿ ಮ್ಯಾಲೆ!" ಡಾಕ್ಟರು ಅದನ್ನು ಫೈಲ್‌ನಲ್ಲಿ ಬರೆದುಕೊಂಡರು (ಸೀರೆ ಬಿಟ್ಟು). ಮಕ್ಕಳ ಮಲಬದ್ಧತೆಯಲ್ಲಿ ಬಹುಪಾಲು ಇಂಥದ್ದೇ, ಅಂದರೆ ಕರುಳಿನಲ್ಲಿ ರೋಗ ಇರುವುದಿಲ್ಲ, ಒಂದು ಸಲ ನೋವಾಗಿ ಹೆದರಿ ತಡೆಯುವ ಅಭ್ಯಾಸ ಬೆಳೆದಿರುತ್ತದೆ, ಸದ್ಯಕ್ಕೆ ಟೆಸ್ಟ್ ಬೇಡ ಅಂದರು. ಹೆದರಿಕೆ ಎಲ್ಲಿಂದ ಬಂತು ಅಂತ ಕೆದಕಿದಾಗ ಹೊರಗೆ ಬಂದದ್ದು ಸ್ಕೂಲಿನ ಟಾಯ್ಲೆಟ್. ಚಿಲಕ ಮುರಿದಿತ್ತು. ಅಷ್ಟೇ!

ಔಷಧಿ ಅಂದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ನೀರಲ್ಲಿ ಕಲಸಿ ಕುಡಿಸೋದು. ಅದು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಮೊದಲು ಕಟ್ಟಿದ್ದನ್ನು ಕರಗಿಸೋಕೆ ದೊಡ್ಡ ಡೋಸು, ಮೈತೂಕದ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಲೆಕ್ಕ, ಕೆಲವು ದಿನ ಮಾತ್ರ. ಆಮೇಲೆ ಕಡಿಮೆ ಡೋಸು, ತಿಂಗಳುಗಟ್ಟಲೆ. ದಯವಿಟ್ಟು ಇದನ್ನು ಓದಿ ನೀವೇ ಅಳೆದು ಕೊಡಬೇಡಿ, ಡಾಕ್ಟರನ್ನು ಕೇಳಿ. ನಮ್ಮನೆಯಲ್ಲಿ ಮೂರನೇ ದಿನ ರಾತ್ರಿ ಏನಾಯಿತು ಅಂತ ವಿವರಿಸಲ್ಲ. ಎರಡು ಸಲ ಫ್ಲಶ್ ಮಾಡಿದರೂ ಹೋಗಲಿಲ್ಲ ಅಂದರೆ ಅರ್ಥ ಮಾಡಿಕೊಳ್ಳಿ.

ಜೊತೆಗೆ ಊಟ ಆದ ಮೇಲೆ ದಿನಾ ಐದು ಹತ್ತು ನಿಮಿಷ ಕಮೋಡ್ ಮೇಲೆ ಕೂರಬೇಕು, ಬಂದರೂ ಸರಿ ಬರದಿದ್ದರೂ ಸರಿ. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗೇ ಚುರುಕಾಗುತ್ತದೆ, ಅದನ್ನು ಬಳಸಿಕೊಳ್ಳೋದು. ಕಾಲು ತೂಗಾಡಬಾರದು, ಕೆಳಗೆ ಏನಾದರೂ ಇಡಬೇಕು. ನಾನು ಕೈಗೆ ಸಿಕ್ಕಿದ ಮಣೆ ಇಟ್ಟೆ. ಅದೇ ವಾರ ಊರಿಂದ ಬಂದ ಅತ್ತೆ ಅದನ್ನು ನೋಡಿ, "ಉಣ್ಣಾಕ ಕೂಡೋ ಮಣಿ ತಂದು ಸಂಡಾಸದಾಗ ಇಟ್ಟೀಯಲ್ಲವಾ!" ಅಂತ ತಲೆ ಮೇಲೆ ಕೈ ಹೊತ್ತು ಕೂತರು. ತುಳಶಿಬಾಗ್‌ಗೆ ಹೋಗಿ ಪ್ಲಾಸ್ಟಿಕ್ ಸ್ಟೂಲ್ ತಂದೆ. ಅತ್ತೆಯ ಇನ್ನೊಂದು ಸಲಹೆ ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಹಾಕೋದು, ನಿಮ್ಮ ಮನೆಯ ಹಿರಿಯರೂ ಹೇಳಿರುತ್ತಾರೆ. ಹಿಂಭಾಗಕ್ಕೆ ಕೈ ಹೋದಷ್ಟೂ ಮಗುವಿಗೆ ಹೆದರಿಕೆ ಜಾಸ್ತಿ, ಬೇಡ ಅಂದರು ಡಾಕ್ಟರು. ಹಾಲು ಕಡಿಮೆ ಮಾಡಿಸಿದರು. ನಾರಿನಂಶ ಮಾಮೂಲಿ ಇದ್ದರೆ ಸಾಕು, ಓಟ್ಸು ಗೀಟ್ಸು ತುರುಕಬೇಡಿ ಅಂದರು.

ಬ್ರಿಸ್ಟಲ್ ಚಾರ್ಟ್ ಅಂತ ಒಂದು ಕೊಟ್ಟರು. ಏಳು ನಮೂನೆಯ ಕಕ್ಕದ ಚಿತ್ರ, ಒಂದು ಅಂದರೆ ಆಡಿನ ಹಿಕ್ಕೆ, ಏಳು ಅಂದರೆ ನೀರು. ಮಗನಿಗೆ ಭಲೇ ಖುಷಿ. ಗಣಪತಿಗೆ ಬಂದ ನೆಂಟರ ಮುಂದೆ ಬಾತ್‌ರೂಮಿಂದ "ಅಮ್ಮಾ ಇವತ್ತು ನಾಲ್ಕನೇ ನಂಬರ್!" ಅಂತ ಕೂಗಿದ.

ಮೂರು ತಿಂಗಳಲ್ಲಿ ಕಲೆ ಮುಕ್ಕಾಲು ಪಾಲು ನಿಂತಿತು. ಆದರೆ ಕೂತಾಗ ತಳ್ಳೋಕೆ ಒದ್ದಾಟ ಇದ್ದೇ ಇತ್ತು. ಆಗ ಮಾತ್ರ ಟೆಸ್ಟ್, ಅನೋರೆಕ್ಟಲ್ ಮಾನೋಮೆಟ್ರಿ, ಅಂದರೆ ಗುದದ ಒಳಗಿನ ಒತ್ತಡ ಅಳೆಯೋದು. ಹಿಂದಿನಿಂದ ಒಳಗೆ ಹಾಕುವ ಸಣ್ಣ ಪೈಪು, ಆ ಪೈಪಿನ ಮೈತುಂಬ ಒತ್ತಡ ಅಳೆಯುವ ಸೆನ್ಸಾರ್, ತುದಿಗೆ ಪುಟ್ಟ ಬಲೂನು. ಮಗು ಎಚ್ಚರವಾಗೇ ಇರುತ್ತದೆ. ನನಗೇ ಕೈಕಾಲು ನಡುಗುತ್ತಿತ್ತು. ಪುಣ್ಯಕ್ಕೆ ಅಲ್ಲಿದ್ದ ಸಿಸ್ಟರ್ ಸೊಲ್ಲಾಪುರದವರು, ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. "ಹೆದರಬ್ಯಾಡ ರಾಜಾ, ಒಳಗ ಸಣ್ಣ ಫುಗ್ಗಾ ಊದತೀವಿ, ಹೆಂಗ ಅನಸ್ತದ ಅಷ್ಟ ಹೇಳು." ಅವನು ಆರಾಮಾಗಿ ಮಲಗಿದ. ಅರ್ಧ ಗಂಟೆ ಚಿಲ್ಲರೆ ಆಯಿತು. ಬಲೂನಿಗೆ ಗಾಳಿ ತುಂಬಿದಾಗ ಗುದದ ಒಳ ಸ್ನಾಯು ತಾನಾಗೇ ಸಡಿಲವಾಗಬೇಕು, ಹಿರ್ಷ್‌ಸ್ಪ್ರಂಗ್ ಇದ್ದರೆ ಆಗಲ್ಲ. ಇವನಿಗೆ ಆಯಿತು. ಆ ಭೂತ ಅಲ್ಲಿಗೆ ಹೋಯಿತು. ಆದರೆ "ಈಗ ತಳ್ಳು" ಅಂದಾಗ ಸ್ಕ್ರೀನಿನ ಕೆಳಗಡೆ ಪಟ್ಟಿ ಕೆಂಪಗಾಯಿತು, ಸಂಜೆ ಆರು ಗಂಟೆಗೆ ಹಿಂಜವಡಿ ರೋಡಿನ ಟ್ರಾಫಿಕ್ ಮ್ಯಾಪ್ ತೆರೆದ ಹಾಗೆ. ಬಾಗಿಲು ತೆಗೆಯಬೇಕಾದ ಹೊತ್ತಿಗೆ ಇವನು ಬಿಗಿ ಹಿಡಿಯುತ್ತಿದ್ದಾನೆ ಅಂತ ಅರ್ಥ.

ಅದಕ್ಕೆ ಬಯೋಫೀಡ್‌ಬ್ಯಾಕ್, ಅದೇ ಸ್ಕ್ರೀನ್ ನೋಡುತ್ತಾ ಬಿಗಿಯೋದು, ಸಡಿಲ ಬಿಡೋದು ಕಲಿಸುತ್ತಾರೆ. ಎಲ್ಲ ಮಕ್ಕಳಿಗೂ ಇದರಿಂದ ಗ್ಯಾರಂಟಿ ಇಲ್ಲ, ಪುಡಿ ಮತ್ತು ಕೂರುವ ಅಭ್ಯಾಸವೇ ಮುಖ್ಯ ಅಂತ ಡಾಕ್ಟರೇ ಮೊದಲು ಹೇಳಿದರು. ಸುಮ್ನೆ ಪ್ಯಾಕೇಜ್ ಮಾರೋಕೆ ನೋಡಲಿಲ್ಲ, ಅದು ನನಗೆ ಹಿಡಿಸಿತು. ನಾಲ್ಕು ಸಲ ಹೋಗಿದ್ದೇವೆ, ವಿಡಿಯೋ ಗೇಮ್ ಅಂತಲೇ ಬರುತ್ತಾನೆ. ಪುಡಿ ಇನ್ನೂ ನಡೆಯುತ್ತಿದೆ. ಚೆನ್ನಾಗಾಯಿತು ಅಂತ ನಾವೇ ನಿಲ್ಲಿಸಿದರೆ ಮತ್ತೆ ಕಟ್ಟಿಕೊಳ್ಳುತ್ತೆ, ನಿಧಾನವಾಗಿ ಇಳಿಸಬೇಕು.

ಹೋಗುವವರಿಗೆ ಒಂದೆರಡು ಮಾತು. ಶನಿವಾರ ಬೇಡ, ಜಾತ್ರೆ. ಹುಟ್ಟಿದಾಗಿನ ಡಿಸ್ಚಾರ್ಜ್ ಪೇಪರ್ ಒಯ್ಯಿರಿ, ಇಲ್ಲದಿದ್ದರೆ ಅತ್ತೆಯ ಫೋನ್ ಚಾರ್ಜ್ ಇದೆಯಾ ನೋಡಿಕೊಳ್ಳಿ. ಹಣ ಕಡಿಮೆ ಏನಲ್ಲ, ಮಾನೋಮೆಟ್ರಿಯ ರೇಟನ್ನು ಮೊದಲೇ ಬರೆಸಿಕೊಳ್ಳಿ, ನಮಗೆ ಬಿಲ್ ಕೈಗೆ ಬಂದ ಮೇಲೇ ಗೊತ್ತಾದದ್ದು. ಇನ್ನೊಂದು, ಕಾಲಿಗೆ ಸ್ಟೂಲ್ ಇಡಿ ಅಂತ ಊರಿಗೆಲ್ಲ ಹೇಳುವ ಕ್ಲಿನಿಕ್‌ನ ಸ್ವಂತ ಟಾಯ್ಲೆಟ್‌ನಲ್ಲಿ ಸ್ಟೂಲ್ ಇಲ್ಲ. ಚಿಲಕ ಇದೆ. ನಮ್ಮವನು ಒಳಗೆ ಹೋದ ಕೂಡಲೇ ಮೊದಲು ಅದನ್ನೇ ಎರಡು ಸಲ ಎಳೆದು ನೋಡಿದ.